ಚಳಿಗಾಲದಲ್ಲಿ ಮಸುಕಾಗುವ ಮುಂಗಾಜು: ಕಾರಿನ ಎಸಿಯನ್ನು ಬಳಸುವ ಕ್ರಮ

ಡಿಸೆಂಬರ್, ಜನವರಿ ತಿಂಗಳುಗಳ ಮುಂಜಾನೆ ಕಾಸರಗೋಡಿನ ಕಡೆ ಕಾರು ಓಡಿಸುವವರಲ್ಲಿ ಹೆಚ್ಚಿನವರು ಎಸಿಯ ಗುಂಡಿಯನ್ನು ಮುಟ್ಟುವುದಿಲ್ಲ. ಹೊರಗೇ ತಂಪಾಗಿರುವಾಗ ಒಳಗೂ ತಂಪು ಮಾಡುವುದೇಕೆ ಎಂಬ ಲೆಕ್ಕಾಚಾರ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಹಲವು ಕಾರುಗಳಲ್ಲಿ ಆ ಗುಂಡಿಯ ಮೇಲೆ ಹಿಮದ ಹರಳಿನ ಚಿತ್ರವಿರುವುದೂ ಈ ಭಾವನೆಗೆ ಪುಷ್ಟಿ ಕೊಡುತ್ತದೆ. ಆದರೆ ಮುಂದಿನ ಗಾಜು ಮಸುಕಾಗಿ ದಾರಿ ಕಾಣದಾದಾಗ ಎಲ್ಲಕ್ಕಿಂತ ಬೇಗ ಕೆಲಸಕ್ಕೆ ಬರುವುದು ಎಸಿಯೇ, ಏಕೆಂದರೆ ಅದು ಗಾಳಿಯನ್ನು ತಣಿಸುವುದರ ಜತೆಗೆ ಒಣಗಿಸುತ್ತದೆ.

ಗಾಳಿ ಬೆಚ್ಚಗಿದ್ದಷ್ಟೂ ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಘನ ಮೀಟರ್ ಗಾಳಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 30 ಗ್ರಾಂ, 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ, 10 ಡಿಗ್ರಿಯಲ್ಲಿ 9 ಗ್ರಾಂಗಿಂತ ತುಸು ಹೆಚ್ಚು ಆವಿಯನ್ನು ಮಾತ್ರ ಹೊರಬಲ್ಲದು. ಪ್ರಯಾಣಿಕರ ಉಸಿರಿನಿಂದ ತೇವಗೊಂಡ ಒಳಗಿನ ಗಾಳಿ ತಣ್ಣಗಿನ ಗಾಜಿಗೆ ತಗಲಿದಾಗ, ಹೊರಲಾಗದೆ ಉಳಿದ ಆವಿ ಸಣ್ಣ ಹನಿಗಳಾಗಿ ಅಲ್ಲೇ ಕೂರುತ್ತದೆ. ಎಸಿಯ ಒಳಗಿರುವ ತಂಪು ಸುರುಳಿಯೂ ಇದೇ ಕೆಲಸವನ್ನು ಮಾಡುತ್ತದೆ, ಆದರೆ ಗಾಜಿನ ಮೇಲಲ್ಲದೆ ತನ್ನ ಮೈಮೇಲೆ. ಎಸಿ ಹಾಕಿ ನಿಲ್ಲಿಸಿದ ಕಾರಿನ ಅಡಿಯಲ್ಲಿ ತೊಟ್ಟಿಕ್ಕುವ ನೀರು ಹೀಗೆ ಗಾಳಿಯಿಂದ ಹಿಂಡಿ ತೆಗೆದದ್ದೇ ಆಗಿದೆ. ಒಣಗಿದ ಆ ಗಾಳಿ ಮುಂದೆ ಹೀಟರಿನ ಸುರುಳಿಯನ್ನು ದಾಟಿ ಬೆಚ್ಚಗಾಗಿ ಬರುವುದರಿಂದ ಎಸಿ ಮತ್ತು ಹೀಟರನ್ನು ಒಟ್ಟಿಗೆ ಹಾಕುವುದರಲ್ಲಿ ವಿರೋಧಾಭಾಸವೇನೂ ಇಲ್ಲ.

ಯಾವ ಗುಂಡಿಯನ್ನು ಒತ್ತುವ ಮೊದಲೂ ಮಂಜು ಗಾಜಿನ ಯಾವ ಬದಿಯಲ್ಲಿದೆ ಎಂದು ತಿಳಿಯಬೇಕು. ಗಾಜಿನ ಮೂಲೆಯಲ್ಲಿ ಒಳಗಿನಿಂದ ಬೆರಳಿನಲ್ಲಿ ಒಂದು ಗೆರೆ ಎಳೆದರೆ ಸಾಕು. ಗೆರೆ ಸ್ಪಷ್ಟವಾಗಿ ಮೂಡಿದರೆ ಮಂಜು ಒಳಗಿದೆ, ಮೂಡದಿದ್ದರೆ ಹೊರಗಿದೆ. ಎರಡಕ್ಕೂ ಮಾಡಬೇಕಾದ ಉಪಾಯ ಬಹುಮಟ್ಟಿಗೆ ಒಂದಕ್ಕೊಂದು ವಿರುದ್ಧವಾದುದರಿಂದ ಈ ಸಣ್ಣ ಪರೀಕ್ಷೆಯನ್ನು ಬಿಟ್ಟರೆ ಇದ್ದ ಮಂಜು ಇನ್ನಷ್ಟು ದಟ್ಟವಾದೀತು.

ಮಂಜು ಒಳಗಿದ್ದರೆ ಗಾಳಿಯನ್ನು ಮುಂದಿನ ಗಾಜಿನ ಕಡೆಗೆ ತಿರುಗಿಸಬೇಕು. ಅದರ ಗುರುತು ಬೀಸಣಿಗೆಯಾಕಾರದ ಗಾಜು ಮತ್ತು ಅದರ ಮೇಲೆ ಅಲೆಯಲೆಯಾಗಿ ಏಳುವ ಬಾಣಗಳು. ಅನಂತರ ಎಸಿ ಹಾಕಿ, ಉಷ್ಣತೆಯ ಗುಂಡಿಯನ್ನು ಕೆಂಪು ಬದಿಗೆ ತಿರುಗಿಸಿ, ಬ್ಲೋವರನ್ನು ಜೋರಾಗಿಡಬೇಕು. ಕಾರಿನ ಚಿತ್ರದೊಳಗೆ ಬಾಣ ಸುತ್ತುವ ಗುಂಡಿ ಚಾಲನೆಯಲ್ಲಿದ್ದರೆ ಅದನ್ನು ಆರಿಸಿ ಹೊರಗಿನ ಗಾಳಿ ಬರುವಂತೆ ಮಾಡುವುದು ಇಲ್ಲಿ ಬಹಳ ಮುಖ್ಯ. ಬೇಸಿಗೆಯಲ್ಲಿ ಬೇಗ ತಂಪಾಗಲೆಂದು ಒತ್ತಿದ ಆ ಗುಂಡಿ ಎಷ್ಟೋ ಕಾರುಗಳಲ್ಲಿ ವರ್ಷವಿಡೀ ಹಾಗೆಯೇ ಇದ್ದು, ಉಸಿರಾಡಿದ ಗಾಳಿಯನ್ನೇ ಮತ್ತೆ ಮತ್ತೆ ಗಾಜಿಗೆ ಊದುತ್ತಿರುತ್ತದೆ. ಎಂಜಿನ್ ಕಾಯುವವರೆಗೆ ಹೀಟರಿನಿಂದ ಬಿಸಿ ಗಾಳಿ ಬರುವುದಿಲ್ಲವಾದರೂ ಎಸಿ ಆ ವೇಳೆಗಾಗಲೇ ಗಾಳಿಯನ್ನು ಒಣಗಿಸತೊಡಗಿರುತ್ತದೆ. ಕಿಟಕಿಯನ್ನು ಎರಡು ಬೆರಳಿನಷ್ಟು ಇಳಿಸಿದರೆ ಕೆಲಸ ಇನ್ನೂ ಬೇಗ ಮುಗಿಯುತ್ತದೆ, ಮತ್ತು ಎಸಿಯೇ ಇಲ್ಲದ ಹಳೆಯ ವ್ಯಾನುಗಳಲ್ಲಿ ಮುಖ್ಯ ಉಪಾಯವೇ ಅದು. ಉಷ್ಣತೆಯನ್ನು ತಾನೇ ಹೊಂದಿಸಿಕೊಳ್ಳುವ ಕಾರುಗಳಲ್ಲಿ ಮುಂಗಾಜಿನ ಗುಂಡಿಯೊಂದನ್ನು ಒತ್ತಿದರೆ ಸಾಮಾನ್ಯವಾಗಿ ಎಸಿ, ಬ್ಲೋವರ್, ಹೊರಗಿನ ಗಾಳಿ ಎಲ್ಲವೂ ತಾವಾಗಿ ಚಾಲನೆಗೆ ಬರುತ್ತವೆ. ಆಗ ಎಸಿಯ ದೀಪ ಹೊತ್ತಿಕೊಂಡಿತೆಂದು ಅದನ್ನು ಆರಿಸಬಾರದು.

ಗಾಜು ತಿಳಿಯಾದೊಡನೆ ಎಸಿಯನ್ನು ಆರಿಸುವ ಅಭ್ಯಾಸವೂ ತೊಂದರೆಯದ್ದೇ. ಎಸಿ ನಿಂತಾಗ ಒದ್ದೆಯಾದ ತಂಪು ಸುರುಳಿಯ ಮೇಲಿನ ನೀರು ಬ್ಲೋವರಿನ ಗಾಳಿಗೆ ಆವಿಯಾಗಿ ನೇರವಾಗಿ ಗಾಜಿಗೆ ಬಡಿಯುವುದರಿಂದ ಕೆಲವೇ ಕ್ಷಣಗಳಲ್ಲಿ ಮಂಜು ಮತ್ತೆ ಕವಿಯುತ್ತದೆ, ಅದೂ ಕಾರು ವೇಗವಾಗಿ ಓಡುತ್ತಿರುವಾಗ. ಆದ್ದರಿಂದ ಬ್ಲೋವರನ್ನು ತಗ್ಗಿಸಿ ಎಸಿಯನ್ನು ಪ್ರಯಾಣದ ಉದ್ದಕ್ಕೂ ಇರಿಸಿಕೊಳ್ಳುವುದೇ ಲೇಸು. ಇಂಧನ ತುಸು ಹೆಚ್ಚು ಖರ್ಚಾಗುವುದು ನಿಜ, ಆದರೆ ಕಣ್ಣಿಗೆ ರಸ್ತೆ ಕಾಣಿಸುವುದಕ್ಕೆ ಆ ಬೆಲೆ ಹೆಚ್ಚೇನಲ್ಲ.

ಕರಾವಳಿಯಲ್ಲಿ ಹೊರಗಿನ ಮಂಜೂ ಅಷ್ಟೇ ಸಾಮಾನ್ಯ. ಕುಂಬಳೆ, ಮಂಜೇಶ್ವರದ ಕಡೆ ಇಬ್ಬನಿ ಸುರಿಯುವ ನಸುಕಿನಲ್ಲಿ ತಣ್ಣನೆಯ ಎಸಿ ಗಾಳಿಯನ್ನು ಗಾಜಿಗೆ ಬಿಟ್ಟರೆ ಗಾಜು ಹೊರಗಿನ ಗಾಳಿಗಿಂತ ತಣ್ಣಗಾಗಿ, ಸಮುದ್ರದ ತೇವವೆಲ್ಲ ಅದರ ಹೊರಮೈಯಲ್ಲಿ ಹನಿಗಟ್ಟುತ್ತದೆ. ಒಳಗಿನಿಂದ ಎಷ್ಟು ಒರಸಿದರೂ ಅದು ಹೋಗದು. ಆಗ ವೈಪರನ್ನು ಒಂದೆರಡು ಬಾರಿ ಓಡಿಸಿ, ಎಸಿಯ ಉಷ್ಣತೆಯನ್ನು ಏರಿಸಿ, ಗಾಳಿಯನ್ನು ಗಾಜಿನಿಂದ ಕಾಲಿನ ಕಡೆಗೆ ತಿರುಗಿಸಬೇಕು.

ಚೆರ್ಕಳ, ಮುಳ್ಳೇರಿಯ, ಜಾಲ್ಸೂರು ಮಾರ್ಗವಾಗಿ ಸುಳ್ಯಕ್ಕೆ ಬಂದು ಸಂಪಾಜೆ ಘಾಟಿಯಲ್ಲಿ ಮಡಿಕೇರಿಗೆ ಏರುವವರಿಗೆ ಒಂದೇ ಪ್ರಯಾಣದಲ್ಲಿ ಎರಡೂ ಎದುರಾಗಬಹುದು. ಕೆಳಗೆ ಹೊರಗಿದ್ದ ಮಂಜು, ಮೇಲೇರಿ ಹೊರಗಿನ ಗಾಳಿ ತಣ್ಣಗಾದಂತೆ ಒಳಗೆ ಬಂದು ಕೂರುತ್ತದೆ. ಘಾಟಿ ಶುರುವಾಗುವ ಮೊದಲೇ ಹೀಟರ್ ಮತ್ತು ಎಸಿಯನ್ನು ಒಟ್ಟಿಗೆ ಹಾಕಿಕೊಂಡರೆ ತಿರುವಿನ ನಡುವೆ ಗುಂಡಿ ಹುಡುಕುವ ಪ್ರಸಂಗ ಬಾರದು. ರಸ್ತೆಯ ಮೇಲೆಯೇ ಕವಿದ ಮಂಜಿಗೆ ಎಸಿಯಿಂದ ಪರಿಹಾರವಿಲ್ಲ. ಅಲ್ಲಿ ದೀಪವನ್ನು ಡಿಮ್ ಮಾಡಿ ನಿಧಾನಕ್ಕೆ ಸಾಗಬೇಕಷ್ಟೆ.

ರಾತ್ರಿಯಿಡೀ ಬಯಲಾಟ ನೋಡಿ ಇಬ್ಬನಿಗೆ ಒದ್ದೆಯಾದ ಶಾಲು, ಚಾಪೆಗಳೊಂದಿಗೆ ಐದು ಮಂದಿ ಒಂದೇ ಕಾರಿಗೆ ಹತ್ತಿದರೆ ಗಾಜು ಮಸುಕಾಗಲು ಹೆಚ್ಚು ಹೊತ್ತು ಬೇಡ. ಒದ್ದೆಯದನ್ನೆಲ್ಲ ಡಿಕ್ಕಿಗೆ ಹಾಕುವುದರಿಂದ ಅರ್ಧ ಸಮಸ್ಯೆ ಕಡಿಮೆಯಾಗುತ್ತದೆ. ಆಟದ ನಡುವೆ ಕಾರಿನಲ್ಲಿ ನಿದ್ದೆ ಮಾಡುವವರು ಎಂಜಿನನ್ನು ಚಾಲೂ ಇಟ್ಟು ಹೀಟರ್ ಹಾಕಿಕೊಳ್ಳಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮತ್ತು ಅದು ಪ್ರಾಣಾಪಾಯಕಾರಿ. ಮುಚ್ಚಿದ ಶೆಡ್ಡಿನಲ್ಲಂತೂ ಎಂಜಿನ್ ಕಾಯಿಸುವುದೂ ಕೂಡದು.

ಇಷ್ಟೆಲ್ಲ ಮಾಡಿಯೂ ಗಾಳಿ ದುರ್ಬಲವಾಗಿ ಬರುತ್ತಿದ್ದರೆ ಒಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರನ್ನು ನೋಡಬೇಕು. ಹೆಚ್ಚಿನ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದಿದ್ದು, ಕೆಂಪುಕಲ್ಲಿನ ಧೂಳು ಏಳುವ ನಮ್ಮ ರಸ್ತೆಗಳಲ್ಲಿ ಬೇಗ ಕಟ್ಟಿಕೊಳ್ಳುತ್ತದೆ. ಗಾಜಿನ ಒಳಮೈಯನ್ನು ಮೈಕ್ರೋಫೈಬರ್ ಬಟ್ಟೆಯಿಂದ ಆಗಾಗ ಒರಸಬೇಕು, ಜಿಡ್ಡಿನ ಪೊರೆಯ ಮೇಲೆ ಹನಿ ಸುಲಭವಾಗಿ ನಿಲ್ಲುತ್ತದೆ. ಅಂಗೈಯಿಂದ ಒರಸುವುದು ಅದಕ್ಕೆ ಇನ್ನಷ್ಟು ಜಿಡ್ಡು ಸೇರಿಸಿದಂತೆ. ಒರಸಿದರೂ ಮತ್ತೆ ಮತ್ತೆ ಎಣ್ಣೆಯಂಥ ಮಂಜು ಕಟ್ಟಿ, ಜತೆಗೆ ಸಿಹಿ ವಾಸನೆ ಬಂದರೆ ಹೀಟರಿನ ಸುರುಳಿಯಿಂದ ಕೂಲಂಟ್ (ಎಂಜಿನನ್ನು ತಣಿಸುವ ದ್ರವ) ಸೋರುತ್ತಿರುವ ಸಾಧ್ಯತೆಯಿದ್ದು, ಅದನ್ನು ಮೆಕ್ಯಾನಿಕ್ಕಿಗೆ ತೋರಿಸಬೇಕು.

ಹಿಂದಿನ ಗಾಜಿನಲ್ಲಿ ಅಡ್ಡಡ್ಡವಾಗಿ ಕಾಣುವ ಗೆರೆಗಳು ವಿದ್ಯುತ್ತಿನಿಂದ ಕಾಯುವ ತಂತಿಗಳು. ಅವು ಬ್ಯಾಟರಿಯಿಂದ ಬಹಳಷ್ಟು ವಿದ್ಯುತ್ತನ್ನು ಎಳೆಯುವುದರಿಂದ ಎಂಜಿನ್ ಓಡುತ್ತಿರುವಾಗ ಮಾತ್ರ ಹಾಕಿ, ಗಾಜು ತಿಳಿಯಾದ ಮೇಲೆ ಆರಿಸಬೇಕು. ಒರಸುವಾಗ ಬಟ್ಟೆ ಗೆರೆಗಳ ಉದ್ದಕ್ಕೇ ಸಾಗಲಿ, ಏಕೆಂದರೆ ಗೀರು ಬಿದ್ದು ಒಂದು ಗೆರೆ ಕಡಿದರೆ ಆ ಗೆರೆ ಮುಂದೆ ಕಾಯುವುದಿಲ್ಲ.