ಮೂಲ ನಾಗನ ಜಾಡಿನಲ್ಲಿ: ಕಾಣದ ಕುಟುಂಬದವರನ್ನು ಹುಡುಕುವುದು ಹೇಗೆ?

ತುಳುನಾಡಿನಿಂದ ಮುಂಬಯಿಗೆ ಬಂದ ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ಕುಟುಂಬ ಎಣಿಸುವ, ಮನೆಯವರು ಅಪ್ಪನ ಹೆಸರು, ಸರ್‌ನೇಮ್ ಹಿಡಿದು ಹುಡುಕಹೊರಟರೆ ದಾರಿ ತಪ್ಪುವುದೇ ಹೆಚ್ಚು. ಇಲ್ಲಿನ ಶಾಲೆಯ ದಾಖಲೆಯಲ್ಲಿ ಮಗುವಿನ ಹೆಸರಿನ ಪಕ್ಕ ಕೂರುವುದು ಅಪ್ಪನ ಹೆಸರು. ಕುಟುಂಬ ಹರಿದುಬಂದದ್ದು ಅಮ್ಮನಿಂದ.

ಮೊದಲು ಮನೆಯ ಹಿರಿಯ ಹೆಂಗಸನ್ನು ಕೇಳಿ: ಅಜ್ಜಿಯ ತಾಯಿಯ ಹೆಸರೇನು, ತರವಾಡು ಮನೆ (ಕುಟುಂಬದ ಮೂಲ ಮನೆ) ಯಾವುದು, ಬರಿ (ತಾಯಿಯಿಂದ ಬರುವ, ಗೋತ್ರದಂಥ ಗುರುತು) ಯಾವುದು, ಮೂಲ ನಾಗ (ಕುಟುಂಬ ಪೂಜಿಸುವ ನಾಗನ ಮೂಲ ಸ್ಥಾನ) ಎಲ್ಲಿ? ಯಾರು ತೀರಿಕೊಂಡಾಗ ನಮಗೆ ಸೂತಕವಿತ್ತು ಎಂದೂ ಕೇಳಿ. ‘ನೆಂಟರು ಯಾರ್ಯಾರು’ ಎಂದರೆ ಮದುವೆಗೆ ಬಂದವರೆಲ್ಲ ಪಟ್ಟಿ ಸೇರುತ್ತಾರೆ. ಸೂತಕದ ಲೆಕ್ಕ ಹಾಗೆ ಸಡಿಲವಲ್ಲ. ಬರಿ ಒಂದೇ ಎಂದ ಮಾತ್ರಕ್ಕೆ ನಂಬಬೇಡಿ, ಒಂದೇ ಬರಿಯವರು ಹತ್ತಾರು ಊರಲ್ಲಿದ್ದಾರೆ. ಮೂಲ ನಾಗನೂ ಒಂದೇ ಆದರೆ ಮುಂದುವರಿಯಬಹುದು.

ಮುತ್ತಜ್ಜಿಯನ್ನು ಮೇಲೆ ಬರೆದು, ಹೆಣ್ಣುಮಕ್ಕಳಿಂದ ಮಾತ್ರ ಗೆರೆ ಇಳಿಸಿ. ಗಂಡುಮಕ್ಕಳ ಹೆಸರು ಬರೆಯಿರಿ, ಗೆರೆ ಅಲ್ಲಿಗೇ ನಿಲ್ಲಲಿ. ಅವರ ಮಕ್ಕಳು ಹೆಂಡತಿಯ ಕುಟುಂಬಕ್ಕೆ ಸೇರಿದವರು. ‘ಮದುವೆಯಾಗಿ ಹೋದಳು’ ಎಂದು ನಿಂತುಹೋದ ಹೆಸರುಗಳಿಗೆ ಗುರುತು ಹಾಕಿ. ಗೊತ್ತಿಲ್ಲದ ಕವಲು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಕಾಗದಗಳಲ್ಲಿ ಪಾಲುಪಟ್ಟಿಗೆ, ಅಂದರೆ ಕುಟುಂಬದ ಆಸ್ತಿ ಪಾಲು ಮಾಡಿಕೊಂಡ ಪತ್ರಕ್ಕೆ, ಸಮನಾದದ್ದಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ (ಒಬ್ಬ ಹೆಂಗಸಿನಿಂದ ಹೆಣ್ಣುಸಾಲಿನಲ್ಲಿ ಇಳಿದ ಕವಲುಗಳಿಗೆ) ಪಾಲು ಕೇಳುವ ಹಕ್ಕು ಕೊಟ್ಟಿತು. ಪಾಲಾಗುವಾಗ ಪ್ರತಿ ಕವರಿನ ಹೆಂಗಸರು, ಮಕ್ಕಳ ಹೆಸರನ್ನೂ ಪತ್ರದಲ್ಲಿ ಕಾಣಿಸಬೇಕಾಗುತ್ತದೆ, ಮುಂಬಯಿಯಲ್ಲಿದ್ದವರನ್ನೂ ಸೇರಿಸಿ. ನೋಂದಣಿಯಾಗಿದ್ದರೆ ಅದು ಊರಿನ ಸಬ್ ರಿಜಿಸ್ಟ್ರಾರ್ ಕಚೇರಿಯ 1ನೇ ಪುಸ್ತಕದಲ್ಲಿ ಇರುತ್ತದೆ. ಶುಲ್ಕ ಕಟ್ಟಿ ಯಾರೂ ನೋಡಬಹುದು, ನಕಲೂ ಪಡೆಯಬಹುದು. ಮುಂಬಯಿಯಲ್ಲಿ ಫ್ಲ್ಯಾಟ್ ಕೊಂಡವರಿಗೆಲ್ಲ ಇಂಡೆಕ್ಸ್-2 ಗೊತ್ತು; ಅದು ಆಸ್ತಿಯದು, ಸರ್ವೆ ನಂಬರ್ ಕೈಯಲ್ಲಿದ್ದರೆ ಮಾತ್ರ ಉಪಯೋಗ. ಇಲ್ಲದಿದ್ದರೆ ಹೆಸರಿನ ಇಂಡೆಕ್ಸ್-1 ನೋಡಿ. ನಿಮ್ಮ ಅಜ್ಜನ ಹೆಸರಲ್ಲಿ ಹುಡುಕಿದರೆ ಸಿಗಲಿಕ್ಕಿಲ್ಲ, ಆಗಿನ ಯಜಮಾನ ಅಜ್ಜಿಯ ಅಣ್ಣನೋ ಸೋದರಮಾವನೋ ಆಗಿದ್ದಿರಬಹುದು. ಗ್ರಾಮ ಈಗ ಬೇರೆ ಕಚೇರಿಗೆ ಸೇರಿದ್ದರೆ ಹಿಂದಿನ ಕಚೇರಿಯಲ್ಲೂ ವಿಚಾರಿಸಿ. ಗೇಣಿ ಭೂಮಿ ಇದ್ದವರು 1974ರ ಭೂಸುಧಾರಣೆಯ ನಂತರ ಗೇಣಿದಾರರು ಕೊಟ್ಟ ಡಿಕ್ಲರೇಶನ್ ಫೈಲನ್ನು ತಾಲೂಕು ಕಚೇರಿಯಲ್ಲಿ ಕೇಳಬೇಕು.

ಮುಂಬಯಿ ಕಡೆಯಲ್ಲಿ ಶಾಲೆ ಬಿಟ್ಟ ಸರ್ಟಿಫಿಕೇಟಿನ ಹುಟ್ಟಿದ ಊರು, ಜಾತಿ ಸಂಘಗಳ ಹಳೆಯ ಸ್ಮರಣ ಸಂಚಿಕೆಗಳು ಸಾಕು.

ಯಾರಾದರೂ ಸಿಕ್ಕರೆ, ಮೊದಲ ಫೋನಿನಲ್ಲಿ ಪಾಲುಪಟ್ಟಿಯ ಮಾತೆತ್ತಬೇಡಿ. ಆಸ್ತಿಗೆ ಬಂದರು ಎಂದುಕೊಂಡರೆ ಎರಡನೇ ಫೋನ್ ಎತ್ತುವುದಿಲ್ಲ. ಅಜ್ಜಿಯ ಹೆಸರು ಹೇಳಿ, ನಾಗನ ತಂಬಿಲ (ಕುಟುಂಬ ಸೇರಿ ಮಾಡುವ ನಾಗನ ಪೂಜೆ) ಯಾವಾಗ ಎಂದು ಕೇಳಿ. ಹೋದಾಗ ವಂತಿಗೆ ಪುಸ್ತಕವನ್ನು ಒಮ್ಮೆ ತೋರಿಸಲು ಕೇಳಿಕೊಳ್ಳಿ. ವಂತಿಗೆ ಕೊಟ್ಟ ಮನೆಗಳ ಹೆಸರಿನಲ್ಲಿ ನಿಮ್ಮ ಚಾರ್ಟಿನಲ್ಲಿ ಇಲ್ಲದವನ್ನು ಬರೆದುಕೊಂಡು, ಆ ಮನೆಯ ಅಜ್ಜಿ ಯಾರೆಂದು ಅಲ್ಲಿಯೇ ವಿಚಾರಿಸಿ.