ಕಣ್ಣು ಮುಚ್ಚಿದರೆ ಕಾಲು ಯಾಕೆ ಓಲಾಡುತ್ತದೆ? ಬ್ಯಾಲೆನ್ಸ್ ಪಳಗಿಸಿಕೊಳ್ಳುವುದು ಹೀಗೆ

ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದ್ದೀರಿ. ನಲ್ಲಿ ಹುಡುಕಲು ಕೈ ಚಾಚುತ್ತೀರಿ. ಆ ಒಂದು ಕ್ಷಣ ಕಾಲಡಿಯ ನೆಲವೇ ಸ್ವಲ್ಪ ಜರುಗಿದಂತಾಗುತ್ತದೆ, ಅಲ್ವಾ? ಇನ್ನೊಂದು ಕೈ ತಾನಾಗಿಯೇ ಗೋಡೆ ಹಿಡಿಯುತ್ತದೆ. ನೀವು ಜಾರಿಲ್ಲ, ತಲೆ ಸುತ್ತಿಲ್ಲ. ಕಣ್ಣು ಮುಚ್ಚಿದ್ದೀರಿ, ಅಷ್ಟೇ.

ಜರ್ಮನಿಯ ನರವೈದ್ಯ ಮೊರಿಟ್ಜ್ ರಾಂಬರ್ಗ್ 1840ರ ದಶಕದಲ್ಲಿ ಗಮನಿಸಿದ್ದು ಇದರದೇ ದೊಡ್ಡ ರೂಪ. ಬೆನ್ನುಹುರಿಯ ಕಾಯಿಲೆಯಿಂದ ಕಾಲಿನ ಅರಿವು ಕಳೆದುಕೊಂಡ ರೋಗಿಗಳು ಕಣ್ಣು ಬಿಟ್ಟುಕೊಂಡು ಹೇಗೋ ನಿಲ್ಲುತ್ತಿದ್ದರು. ಕಣ್ಣು ಮುಚ್ಚಿದ ಕೂಡಲೇ ಓಲಾಡಿ ಬೀಳುತ್ತಿದ್ದರು. ಇಂದಿಗೂ ನರರೋಗ ತಜ್ಞರು 'ಕಾಲು ಜೋಡಿಸಿ ನಿಂತು ಕಣ್ಣು ಮುಚ್ಚಿ' ಎನ್ನುತ್ತಾರಲ್ಲ, ಆ ಪರೀಕ್ಷೆಗೆ ಅವರದೇ ಹೆಸರು.

ನನಗೆ ಈ ವಿಷಯ ಹತ್ತಿರವಾದದ್ದು ಕಾಲು ಉಳುಕಿದ ಮೇಲೆ. ಊತ ಇಳಿಯಿತು, ನೋವು ಹೋಯಿತು, ನಡಿಗೆಯೂ ಸರಿಯಾಯಿತು. ಆದರೆ ಒಂದು ಬೆಳಿಗ್ಗೆ ಒಂಟಿ ಕಾಲಲ್ಲಿ ನಿಂತು ಪ್ಯಾಂಟ್ ಹಾಕಿಕೊಳ್ಳುವಾಗ ಆಯ ತಪ್ಪಿ ಮಂಚದ ಮೇಲೆ ಬಿದ್ದೆ. ಉಳುಕಿದಾಗ ಕೀಲಿನ ಸುತ್ತಲಿನ ಕಟ್ಟುಗಳಿಗೆ ಪೆಟ್ಟಾಗುತ್ತದೆ. ಅವುಗಳ ಜೊತೆಗೆ, ಪಾದ ಯಾವ ಕಡೆ ವಾಲಿದೆ ಎಂದು ಮೆದುಳಿಗೆ ತಿಳಿಸುವ ವ್ಯವಸ್ಥೆಯೂ ಮಂಕಾಗುತ್ತದೆ. ಅದನ್ನು ಮತ್ತೆ ಚುರುಕು ಮಾಡಿಕೊಳ್ಳಲು ಕಲಿತ ಪಾಠಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪಟ್ಟುಹಿಡಿದು ಮಾಡಿದರೆ ಇದು ನಿಜವಾಗಿಯೂ ಕೆಲಸ ಮಾಡುತ್ತದೆ.

ಮೊದಲು ಇಷ್ಟು ತಿಳಿದಿರಲಿ

ನಾವು ನೇರವಾಗಿ ನಿಲ್ಲಲು ಮೂರು ಕಡೆಯಿಂದ ಸುದ್ದಿ ಬೇಕು. ಒಂದು ಕಣ್ಣು. ಇನ್ನೊಂದು ಒಳಕಿವಿ. ಅಲ್ಲಿ ಮೂರು ಪುಟ್ಟ ಬಳೆಯಂಥ ನಾಳಗಳಿವೆ, ತಲೆ ತಿರುಗಿದರೆ ಅವಕ್ಕೆ ಗೊತ್ತಾಗುತ್ತದೆ. ಪಕ್ಕದಲ್ಲೇ ಇರುವ ಎರಡು ಸಣ್ಣ ಚೀಲಗಳಿಗೆ ತಲೆಯ ವಾಲುವಿಕೆ ಮತ್ತು ಹಿಂದೆ ಮುಂದೆ, ಮೇಲೆ ಕೆಳಗೆ ಆಗುವ ಚಲನೆ ಗೊತ್ತಾಗುತ್ತದೆ. ಮೂರನೆಯದು ಅಂಗಾಲು, ಕೀಲು, ಸ್ನಾಯುಗಳಿಂದ ಬರುವ ಮೈಯ ಅರಿವು. ಕತ್ತಲಲ್ಲೂ ನಿಮ್ಮ ಮೂಗನ್ನು ನಿಮ್ಮ ಬೆರಳು ಮುಟ್ಟುತ್ತದಲ್ಲ, ಅದು ಈ ಅರಿವಿನಿಂದಲೇ.

ಮೂರೂ ಒಂದೇ ಸುದ್ದಿ ಹೇಳಿದರೆ ತೊಂದರೆಯಿಲ್ಲ. ಬೇರೆ ಬೇರೆ ಹೇಳಿದಾಗ ಮಾತ್ರ ಕಣ್ಣಿನ ಮಾತು ಎಷ್ಟು ಜೋರು ಎಂದು ಗೊತ್ತಾಗುತ್ತದೆ. 1974ರಲ್ಲಿ ಡೇವಿಡ್ ಲೀ ಮತ್ತು ಎರಿಕ್ ಆರನ್ಸನ್ ಎಂಬ ಸಂಶೋಧಕರು ಒಂದು ವಿಚಿತ್ರ ಕೋಣೆ ಮಾಡಿಸಿದರು. ನೆಲ ಗಟ್ಟಿ, ಗೋಡೆಗಳು ಮಾತ್ರ ಅಲುಗಾಡುವಂಥವು. ಆಗಷ್ಟೇ ನಿಲ್ಲಲು ಕಲಿತ ಮಕ್ಕಳನ್ನು ಅದರೊಳಗೆ ನಿಲ್ಲಿಸಿ, ಎದುರಿನ ಗೋಡೆಯನ್ನು ಮೆಲ್ಲಗೆ ಹತ್ತಿರ ಸರಿಸಿದರು. ಮಕ್ಕಳು ಹಿಂದಕ್ಕೆ ವಾಲಿದರು, ಕೆಲವರು ಕುಕ್ಕರಿಸಿ ಬಿದ್ದೇಬಿಟ್ಟರು. ಗೋಡೆ ಹತ್ತಿರ ಬಂತು ಎಂದರೆ 'ನಾನೇ ಮುಂದಕ್ಕೆ ಬೀಳುತ್ತಿದ್ದೇನೆ' ಎಂದು ಕಣ್ಣು ಹೇಳಿತು. ಮೈ ಅದನ್ನು ನಂಬಿ ಹಿಂದಕ್ಕೆ ಎಳೆದುಕೊಂಡಿತು. ನಿಂತ ರೈಲಿನಲ್ಲಿ ಕೂತಿರುವಾಗ ಪಕ್ಕದ ರೈಲು ಹೊರಟರೆ ನಮಗೂ ಹೀಗೇ ಆಗುತ್ತದೆ.

ಪದೇ ಪದೇ ತಲೆ ಸುತ್ತುವವರು, ಇತ್ತೀಚೆಗೆ ಬಿದ್ದವರು, ಕಾಲು ಜೋಮು ಹಿಡಿಯುವವರು, ಆಪರೇಷನ್ ಆಗಿ ಚೇತರಿಸಿಕೊಳ್ಳುತ್ತಿರುವವರು ಮೊದಲು ವೈದ್ಯರನ್ನು ಕೇಳಿ. ಒಬ್ಬರೇ ಇದ್ದಾಗ ಕಣ್ಣು ಮುಚ್ಚುವ ಅಭ್ಯಾಸ ಬೇಡವೇ ಬೇಡ.

ಹಂತ 1: ಕಣ್ಣನ್ನು ಎಷ್ಟು ನೆಚ್ಚಿಕೊಂಡಿದ್ದೀರಿ, ಅಳೆಯಿರಿ

ಕೋಣೆಯ ಒಂದು ಮೂಲೆ ಆರಿಸಿಕೊಳ್ಳಿ. ಬೆನ್ನು ಮೂಲೆಯ ಕಡೆ ಇರಲಿ, ಎದುರಿಗೆ ಗಟ್ಟಿ ಕುರ್ಚಿ ಇರಲಿ. ಯಾವ ಕಡೆ ವಾಲಿದರೂ ಏನಾದರೊಂದು ಸಿಗುತ್ತದೆ. ಚಪ್ಪಲಿ, ಸಾಕ್ಸ್ ತೆಗೆಯಿರಿ.

ಪಾದ ಜೋಡಿಸಿ 30 ಸೆಕೆಂಡ್ ನಿಲ್ಲಿ. ಆಮೇಲೆ ಕಣ್ಣು ಮುಚ್ಚಿ ಇನ್ನೊಂದು 30 ಸೆಕೆಂಡ್. ಮೈ ಸಣ್ಣಗೆ ಸುತ್ತು ಹೊಡೆಯುವುದು ಗೊತ್ತಾಗುತ್ತದೆ. ಗಾಬರಿ ಬೇಡ, ಎಲ್ಲರಿಗೂ ಹಾಗೇ. ಕಲ್ಲಿನಂತೆ ನಿಂತಿರುವ ಮನುಷ್ಯ ಎಂಬುವನೇ ಇಲ್ಲ. ಎಲ್ಲರೂ ಬೀಳುತ್ತಾ, ಬೀಳುವ ಮೊದಲೇ ತಿದ್ದಿಕೊಳ್ಳುತ್ತಾ ಇರುತ್ತಾರೆ.

ಈಗ ಒಂಟಿ ಕಾಲು. ಕಣ್ಣು ಬಿಟ್ಟು ಎಷ್ಟು ಸೆಕೆಂಡ್, ಮುಚ್ಚಿ ಎಷ್ಟು ಸೆಕೆಂಡ್, ಪಕ್ಕದಲ್ಲಿರುವವರು ಎಣಿಸಲಿ. ಎರಡನ್ನೂ ಬರೆದಿಡಿ. ಕಣ್ಣು ಬಿಟ್ಟು ಅರ್ಧ ನಿಮಿಷ ಸಲೀಸಾಗಿ ನಿಲ್ಲುವ ಎಷ್ಟೋ ಜನ ಕಣ್ಣು ಮುಚ್ಚಿದರೆ ಹತ್ತು ಸೆಕೆಂಡ್ ದಾಟುವುದಿಲ್ಲ. ಆ ಅಂತರವೇ ಕಣ್ಣಿನ ಮೇಲಿನ ನಿಮ್ಮ ಸಾಲ.

ಒಮ್ಮೆ ಕುರ್ಚಿ ಹಿಡಿದುಕೊಂಡು ನಿಂತ ಕಾಲಿನ ಪಾದವನ್ನೇ ನೋಡಿ. ಪಾದದ ಮೇಲೆ ಹುರಿಗಳು ಒಂದೊಂದಾಗಿ ಎದ್ದು ಅಡಗುತ್ತಿರುತ್ತವೆ. ಹೆಬ್ಬೆರಳು ನೆಲ ಕಚ್ಚುತ್ತದೆ, ಬಿಡುತ್ತದೆ. ಭಾರ ಹಿಮ್ಮಡಿಯಿಂದ ಪಾದದ ಹೊರ ಅಂಚಿಗೆ, ಅಲ್ಲಿಂದ ಹೆಬ್ಬೆರಳಿನ ಬುಡಕ್ಕೆ ಓಡಾಡುತ್ತದೆ. ನೀವು ಒಂದಕ್ಕೂ ಅಪ್ಪಣೆ ಕೊಟ್ಟಿಲ್ಲ. ನಾನು ಮೊದಲ ಸಲ ಇದನ್ನು ನೋಡಿದಾಗ ಎಷ್ಟೋ ಹೊತ್ತು ನೋಡುತ್ತಲೇ ಇದ್ದೆ.

ಹಂತ 2: ಕಣ್ಣಿಗೆ ಒಂದು ಗೂಟ ಕೊಡಿ

ಕಣ್ಣು ಅತ್ತಿತ್ತ ಅಲೆದರೆ ಮೈಯೂ ಅಲೆಯುತ್ತದೆ. ಒಂಟಿ ಕಾಲಲ್ಲಿ ನಿಲ್ಲುವಾಗ ಎದುರಿನ ಗೋಡೆಯ ಮೇಲೆ ಒಂದು ಚುಕ್ಕೆ ನೋಡಿ. ಅದು ಒಂದೆರಡು ಮೀಟರ್ ದೂರದಲ್ಲಿದ್ದರೆ ಒಳ್ಳೆಯದು. ಹತ್ತಿರದ ವಸ್ತುವಾದರೆ ನೀವು ಕೊಂಚ ವಾಲಿದರೂ ಅದು ಕಣ್ಣಿಗೆ ಜಾಸ್ತಿ ಸರಿದಂತೆ ಕಾಣುತ್ತದೆ, ಮೆದುಳು ಬೇಗ ತಿದ್ದುತ್ತದೆ. ದೂರದ ವಸ್ತು ಸರಿದದ್ದೇ ಗೊತ್ತಾಗುವುದಿಲ್ಲ. ಎತ್ತರದ ಕಟ್ಟಡದ ತುದಿಯಲ್ಲಿ ನಿಂತಾಗ ಜೋಲಿ ಹೊಡೆದಂತಾಗುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ಕಣ್ಣಿಗೆ ಹತ್ತಿರದ ಆಸರೆಯೇ ಇರುವುದಿಲ್ಲ. ಅಂಥ ಕಡೆ ಪಕ್ಕದ ಕಂಬವನ್ನೋ ಕಟಾಂಜನವನ್ನೋ ನೋಡಿ, ಮೈ ತಟ್ಟನೆ ಸಮಾಧಾನಕ್ಕೆ ಬರುತ್ತದೆ.

ನಡೆಯುವಾಗ ಕಾಲ ಬೆರಳನ್ನು ನೋಡಬೇಡಿ. ಹಳ್ಳ ದಿಣ್ಣೆಯ ದಾರಿಯಲ್ಲಿ ಜನ ತಮಗೇ ಗೊತ್ತಿಲ್ಲದೆ ಸುಮಾರು ಎರಡು ಹೆಜ್ಜೆ ಮುಂದಿನ ನೆಲ ನೋಡುತ್ತಾರೆ. ಕಣ್ಣು ಕಂಡದ್ದನ್ನು ಕಾಲಿಗೆ ತಲುಪಿಸಲು ಮೆದುಳಿಗೆ ಸ್ವಲ್ಪ ಸಮಯ ಬೇಕು. ಎತ್ತಿದ ಕಾಲನ್ನು ಕೊನೆ ಗಳಿಗೆಯಲ್ಲಿ ನೋಡಿ ಪ್ರಯೋಜನ ಕಡಿಮೆ, ಅದು ಆಗಲೇ ಹೊರಟಾಗಿದೆ. ಬೀಳುವ ಭಯ ಇರುವವರು ಎಷ್ಟೋ ಸಲ ಬೆರಳನ್ನೇ ನೋಡುತ್ತಾ ನಡೆಯುತ್ತಾರೆ, ಅದರಿಂದ ಮುಂದಿನ ಅಡ್ಡಿ ಕಾಣದೆ ಎಡವಬಹುದು. ನಿಮ್ಮ ಮನೆಯ ಹಿರಿಯರಿಗೆ ಇದೊಂದನ್ನು ಹೇಳಿಕೊಟ್ಟರೂ ಸಾಕು. ಇನ್ನೊಂದು ಮಾತು. ಓದಲೂ ದೂರ ನೋಡಲೂ ಒಂದೇ ಕನ್ನಡಕ ಹಾಕುವವರಿಗೆ ಕೆಳಗಿನ ಗಾಜಿನಲ್ಲಿ ಮೆಟ್ಟಿಲಿನ ಅಂಚು ಮಸುಕಾಗಿ ಕಾಣುತ್ತದೆ. ಮೆಟ್ಟಿಲು ಇಳಿಯುವಾಗ ಗದ್ದ ತಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಿ.

ಕಣ್ಣು, ಒಳಕಿವಿ ಎರಡನ್ನೂ ಜೋಡಿಸುವ ಅಭ್ಯಾಸ ತುಂಬ ಸುಲಭ. ಹೆಬ್ಬೆರಳನ್ನು ಎದುರಿಗೆ ಹಿಡಿದು ಬೇಗ ಬೇಗ ಅತ್ತಿತ್ತ ಆಡಿಸಿ. ಉಗುರು ಮಸುಕಾಗುತ್ತದೆ. ಈಗ ಹೆಬ್ಬೆರಳನ್ನು ಅಲುಗಿಸದೆ ತಲೆಯನ್ನು ಅಷ್ಟೇ ವೇಗದಲ್ಲಿ ಆಡಿಸಿ. ಉಗುರು ಸ್ಪಷ್ಟವಾಗಿ ಕಾಣುತ್ತದೆ! ತಲೆ ತಿರುಗಿದ್ದನ್ನು ಒಳಕಿವಿ ಕಂಡುಹಿಡಿದು, ಸೆಕೆಂಡಿನ ಸುಮಾರು ನೂರನೇ ಒಂದು ಭಾಗದೊಳಗೆ ಕಣ್ಣನ್ನು ಎದುರು ದಿಕ್ಕಿಗೆ ತಿರುಗಿಸುತ್ತದೆ. ದಿನಕ್ಕೆ ಎರಡು ಸಲ, ಅರ್ಧರ್ಧ ನಿಮಿಷ ಹೀಗೆ ತಲೆ ಆಡಿಸಿ. ಮೊದಲು ಕೂತು, ಆಮೇಲೆ ನಿಂತು. ತಲೆ ಸುತ್ತಿದರೆ ನಿಲ್ಲಿಸಿ.

ಹಂತ 3: ಕಣ್ಣನ್ನು ಸ್ವಲ್ಪ ಸ್ವಲ್ಪವೇ ದೂರ ಇಡಿ

ಒಮ್ಮೆಲೇ ಕಣ್ಣು ಮುಚ್ಚುವುದು ತಪ್ಪು. ಮೊದಲು ದೀಪ ಮಂದ ಮಾಡಿ ನಿಲ್ಲಿ. ನಂತರ ಕುರ್ಚಿಯ ಬೆನ್ನಿಗೆ ಒಂದೇ ಬೆರಳು ತಾಗಿಸಿ ಕಣ್ಣು ಮುಚ್ಚಿ. ಹಿಡಿಯಬೇಡಿ, ಒತ್ತಬೇಡಿ, ಸುಮ್ನೆ ತಾಗಿಸಿ. ನೂರು ಗ್ರಾಂಗಿಂತ ಕಡಿಮೆ ಒತ್ತಡದ ಬೆರಳ ಸ್ಪರ್ಶ ಕೂಡ ಓಲಾಟವನ್ನು ಚೆನ್ನಾಗಿ ತಗ್ಗಿಸುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಅಷ್ಟು ಒತ್ತಡ ಮೈಯನ್ನು ಎತ್ತಿ ಹಿಡಿಯಲಾರದು. ಬೆರಳು ಕೊಡುವುದು ಆಸರೆಯನ್ನಲ್ಲ, ಸುದ್ದಿಯನ್ನು. ಒಂದು ವಾರದ ನಂತರ ಬೆರಳೂ ತೆಗೆಯಿರಿ.

ಪಾದದ ಸುದ್ದಿ ಎಷ್ಟು ದೊಡ್ಡದು ಎಂಬುದಕ್ಕೆ ಇಂಗ್ಲೆಂಡಿನ ಇಯಾನ್ ವಾಟರ್‌ಮನ್ ಅವರ ಬದುಕೇ ಸಾಕ್ಷಿ. 1971ರಲ್ಲಿ, ಅವರಿಗೆ 19 ವರ್ಷವಿದ್ದಾಗ, ಒಂದು ಕಾಯಿಲೆಯಿಂದ ಕುತ್ತಿಗೆಯ ಕೆಳಗಿನ ಸ್ಪರ್ಶ ಮತ್ತು ಕೈಕಾಲು ಎಲ್ಲಿದೆ ಎಂಬ ಅರಿವು ಪೂರ್ತಿ ಹೋಯಿತು. ಸ್ನಾಯುಗಳ ಬಲ ಹಾಗೇ ಇತ್ತು. ಆದರೂ ಎದ್ದು ಕೂರಲು ಆಗುತ್ತಿರಲಿಲ್ಲ. ಅವರು ಛಲ ಬಿಡಲಿಲ್ಲ. ಒಂದೊಂದು ಅಂಗವನ್ನೂ ಕಣ್ಣಿಂದ ನೋಡುತ್ತಾ, ಮುಂದಿನ ಚಲನೆಯನ್ನು ಮೊದಲು ಮನಸ್ಸಿನಲ್ಲಿ ಯೋಚಿಸುತ್ತಾ ಕೂರಲು, ನಿಲ್ಲಲು, ನಡೆಯಲು ಮತ್ತೆ ಕಲಿತರು. ದೀಪ ಆರಿ ಕತ್ತಲಾದರೆ ಮಾತ್ರ ಕುಸಿಯುತ್ತಿದ್ದರು. ನಮಗೆ ಪುಕ್ಕಟೆಯಾಗಿ ಸಿಗುವುದನ್ನು ಅವರು ಪ್ರತಿ ಹೆಜ್ಜೆಗೂ ದುಡಿದು ಪಡೆಯಬೇಕಾಯಿತು. ಕಣ್ಣು ಮತ್ತು ಮನಸ್ಸು ಸೇರಿದರೆ ಎಷ್ಟು ದೂರ ಹೋಗಬಹುದು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಅವರ ಹೆಸರನ್ನೇ.

ಹಂತ 4: ಮನಸ್ಸಿನಲ್ಲೇ ತಾಲೀಮು

ಚಲನೆಯನ್ನು ಬರೀ ಕಲ್ಪಿಸಿಕೊಂಡರೂ ಮೈಗೆ ತಾಲೀಮು ಸಿಗುತ್ತದೆ. ನಂಬಿಕೆ ಬರಲಿಲ್ಲವೇ? ಒಂದು ದಾರಕ್ಕೆ ಉಂಗುರ ಕಟ್ಟಿ, ದಾರದ ತುದಿಯನ್ನು ಎರಡು ಬೆರಳಲ್ಲಿ ಹಿಡಿಯಿರಿ. ಕೈ ಅಲುಗಿಸಬೇಡಿ. ಉಂಗುರವನ್ನು ನೋಡುತ್ತಾ 'ಇದು ಹಿಂದೆ ಮುಂದೆ ತೂಗುತ್ತಿದೆ' ಎಂದು ಕಲ್ಪಿಸಿಕೊಳ್ಳಿ. ಹೆಚ್ಚಿನವರಿಗೆ ಒಂದು ನಿಮಿಷದೊಳಗೆ ಅದು ತೂಗತೊಡಗುತ್ತದೆ. ಫ್ರೆಂಚ್ ವಿಜ್ಞಾನಿ ಷೆವ್ರೋಲ್ ಇದನ್ನು 1833ರಲ್ಲಿ ಬರೆದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡಾಗ ತೂಗಾಟ ಕುಗ್ಗಿ ನಿಂತಿತು ಎಂದೂ ಅವರು ಗಮನಿಸಿದ್ದರು. ಇಲ್ಲಿ ಮಾಟ ಮಂತ್ರ ಏನೂ ಇಲ್ಲ. ಚಲನೆಯನ್ನು ಕಲ್ಪಿಸಿಕೊಂಡರೆ ಬೆರಳಿನ ಸ್ನಾಯುಗಳಿಗೆ ಸಣ್ಣ ಅಪ್ಪಣೆ ಹೋಗಿಯೇ ಬಿಡುತ್ತದೆ. ಕಣ್ಣು ಅದನ್ನು ನೋಡಿ ಇನ್ನಷ್ಟು ಹೆಚ್ಚಿಸುತ್ತದೆ.

1995ರಲ್ಲಿ ಆಲ್ವರೋ ಪಾಸ್ಕುವಲ್-ಲಿಯೋನ್ ಮತ್ತು ಸಂಗಡಿಗರು ಪಿಯಾನೋ ಗೊತ್ತಿಲ್ಲದವರಿಗೆ ಐದು ಬೆರಳಿನ ಒಂದು ಪಾಠ ಕೊಟ್ಟರು. ದಿನಕ್ಕೆ 2 ಗಂಟೆ, 5 ದಿನ. ಒಂದು ಗುಂಪು ನುಡಿಸಿತು. ಇನ್ನೊಂದು ಗುಂಪು ಪಿಯಾನೋ ಮುಂದೆ ಕೂತು ಬರೀ ಕಲ್ಪಿಸಿಕೊಂಡಿತು. ಮೆದುಳಿನಲ್ಲಿ ಬೆರಳುಗಳನ್ನು ಆಡಿಸುವ ಜಾಗ ಎರಡೂ ಗುಂಪಿನಲ್ಲಿ ಹಿಗ್ಗಿತ್ತು. ಕೈಚಳಕದಲ್ಲಿ ಕಲ್ಪಿಸಿಕೊಂಡವರು ಹಿಂದೆ ಇದ್ದರು. ಆದರೆ ಒಂದೇ ಒಂದು ಸಲ 2 ಗಂಟೆ ನಿಜವಾಗಿ ನುಡಿಸಿದ್ದೇ ತಡ, ಮೊದಲ ಗುಂಪಿಗೆ ಸರಿಸಮ ಬಂದರು. ಇದರಿಂದ ನಾನು ತಿಳಿದುಕೊಂಡದ್ದು ಇಷ್ಟು: ಕಲ್ಪನೆ ಹೊಲ ಹದ ಮಾಡುತ್ತದೆ, ಬಿತ್ತನೆಗೆ ಮೈಯೇ ಬೇಕು.

ಮಾಡುವ ಬಗೆ ಹೀಗೆ. ಅಭ್ಯಾಸ ಮಾಡುವ ಅದೇ ಮೂಲೆಯಲ್ಲಿ, ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ. ಅಂಗಾಲು ನೆಲಕ್ಕೆ ತಾಗಿರಲಿ. ಒಂಟಿ ಕಾಲಲ್ಲಿ ನಿಲ್ಲುವುದನ್ನು ನೆನೆಯಿರಿ. ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಟಿವಿಯಲ್ಲಿ ನೋಡಿದಂತೆ ತಮ್ಮನ್ನು ತಾವೇ ದೂರದಿಂದ ನೋಡುತ್ತಾರೆ. ಹಾಗಲ್ಲ. ನಿಮ್ಮ ಕಣ್ಣಿನ ಒಳಗಿಂದಲೇ ಗೋಡೆಯ ಚುಕ್ಕೆ ಕಾಣಬೇಕು. ಅದಕ್ಕಿಂತ ಮುಖ್ಯವಾಗಿ ಮೈಗೆ ತಿಳಿಯಬೇಕು. ನೆಲದ ತಂಪು, ಭಾರ ಎಡಗಾಲಿಗೆ ಇಳಿಯುವುದು, ಮೀನಖಂಡ ಬಿಗಿಯುವುದು, ಹೆಬ್ಬೆರಳು ನೆಲ ಒತ್ತುವುದು. ಸ್ವಲ್ಪ ಓಲಾಡಿ, ಸಾವರಿಸಿಕೊಂಡದ್ದನ್ನೂ ಕಲ್ಪಿಸಿಕೊಳ್ಳಿ. ಆ ಸಾವರಿಸಿಕೊಳ್ಳುವುದೇ ಇಲ್ಲಿ ಪಾಠ. ಬೀಳುವ ದೃಶ್ಯ ಬಂದರೆ ಅಲ್ಲಿಗೇ ನಿಲ್ಲಿಸಿ, ಮೊದಲಿಂದ ಶುರು ಮಾಡಿ.

ಸರಿಯಾಗಿ ಮಾಡುತ್ತಿದ್ದೀರೋ ಇಲ್ಲವೋ ತಿಳಿಯಲು ಫೋನಿನ ಸ್ಟಾಪ್‌ವಾಚ್ ಸಾಕು. ಕೋಣೆಯ ಈ ತುದಿಯಿಂದ ಆ ತುದಿಗೆ ನಡೆದು ಸಮಯ ನೋಡಿ. ಆಮೇಲೆ ಕೂತು ಅದೇ ನಡಿಗೆಯನ್ನು ಮನಸ್ಸಿನಲ್ಲಿ ನಡೆಯಿರಿ. ನಿಜವಾದ ನಡಿಗೆಗೂ ಕಲ್ಪನೆಯ ನಡಿಗೆಗೂ ಹೆಚ್ಚುಕಡಿಮೆ ಅಷ್ಟೇ ಸಮಯ ಹಿಡಿಯುತ್ತದೆ ಎಂದು ಸಂಶೋಧನೆಗಳು ಹೇಳುತ್ತವೆ. ನಿಮಗೆ ಅರ್ಧ ಸಮಯವೇ ಸಾಕಾಯಿತೆಂದರೆ ನೀವು ನಡೆದಿಲ್ಲ, ಬರೀ ನಡಿಗೆಯ ಬಗ್ಗೆ ಯೋಚಿಸಿದ್ದೀರಿ. ನಿಧಾನ ಮಾಡಿ.

ಮೂರು ಸಲ ಮನಸ್ಸಿನಲ್ಲಿ, ಒಂದು ಸಲ ನಿಜವಾಗಿ. ಹೀಗೆ ಐದು ಸುತ್ತು. ಹತ್ತು ನಿಮಿಷ ದಾಟಬೇಡಿ, ಗಮನ ಚದುರಿದರೆ ಸುಮ್ಮನೆ ಕೂತಂತೆಯೇ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದವರು ಮನಸ್ಸಿನ ಭಾಗವನ್ನಷ್ಟೇ ಮಾಡಬಹುದು. 1992ರ ಒಂದು ಪ್ರಯೋಗದಲ್ಲಿ, ಕಿರುಬೆರಳನ್ನು ಬಲವಾಗಿ ಪಕ್ಕಕ್ಕೆ ಚಾಚುವುದನ್ನು 4 ವಾರ ಬರೀ ಕಲ್ಪಿಸಿಕೊಂಡವರ ಬೆರಳಿನ ಬಲ ಶೇ 22ರಷ್ಟು ಹೆಚ್ಚಿತ್ತು. ನಿಜವಾಗಿ ಮಾಡಿದವರದು ಶೇ 30.

ಹಂತ 5: ಮತ್ತೆ ಅಳೆಯಿರಿ

ವಾರಕ್ಕೆ ಐದು ದಿನ, ನಾಲ್ಕು ವಾರ ಮಾಡಿ. ಕೊನೆಯ ದಿನ ಅದೇ ಮೂಲೆ, ಅದೇ ಕುರ್ಚಿ, ಬರಿಗಾಲು. ಎರಡೂ ಕಾಲನ್ನು ಬೇರೆ ಬೇರೆಯಾಗಿ ಅಳೆಯಿರಿ. ಕಣ್ಣು ಬಿಟ್ಟು ನಿಂತ ಸಮಯ ಅಷ್ಟೇನೂ ಬದಲಾಗದೆ ಇರಬಹುದು, ನೋಡಬೇಕಾದ್ದು ಕಣ್ಣು ಮುಚ್ಚಿದ ಸಮಯವನ್ನು. ನನ್ನ ಉಳುಕಿದ ಕಾಲು ಮೊದಲ ದಿನ ಕಣ್ಣು ಮುಚ್ಚಿ 4 ಸೆಕೆಂಡ್ ನಿಂತಿತ್ತು. ನಾಲ್ಕು ವಾರದ ನಂತರ 11 ಸೆಕೆಂಡ್. ಹನ್ನೆರಡನೆಯದಕ್ಕೆ ಕುರ್ಚಿ ಹಿಡಿದೆ.