ಎಣ್ಣೆ ಹಡಗು ದಡ ಸೇರಿಸುವ ಆಟ: ಮನೆಯಲ್ಲೇ ಮಾಡಿಕೊಳ್ಳಿ

ಮೊದಲು ಒಂದೇ ಒಂದು ಪ್ರಯಾಣ ಆರಿಸಿಕೊಳ್ಳಿ. ಇಡೀ ಮಹಾಯುದ್ಧ ಬೇಡ. ಕೊಪ್ಪಳದ ನಮ್ಮ ಮನೆಯ ಮಕ್ಕಳಿಗಾಗಿ ನಾನು ಆರಿಸಿದ್ದು ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆ ನಡೆಸಿದ 1942ರ ಆಗಸ್ಟ್‌ನ ಆಪರೇಷನ್ ಪೆಡಸ್ಟಲ್. ಜರ್ಮನಿ, ಇಟಲಿಯ ಮುತ್ತಿಗೆಯಲ್ಲಿದ್ದ ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪಕ್ಕೆ ಆಹಾರ, ಎಣ್ಣೆ ಮುಟ್ಟಿಸಬೇಕಿತ್ತು. ಹೊರಟ ಸರಕು ಹಡಗು 14, ತಲುಪಿದ್ದು 5. ಗೆಲುವಿನ ನಿಯಮ ಅಲ್ಲೇ ಇದೆ ಅಲ್ವಾ? ಎಷ್ಟು ಶತ್ರುಗಳನ್ನು ಮುಳುಗಿಸಿದಿರಿ ಅನ್ನೋದು ಲೆಕ್ಕಕ್ಕಿಲ್ಲ. ಎಣ್ಣೆ ಹಡಗು ಒಹಾಯೊ ಬಂದರು ಸೇರಬೇಕು.

ಹಳೇ ಕ್ಯಾಲೆಂಡರಿನ ಹಿಂಬದಿಗೆ ಜಿಬ್ರಾಲ್ಟರ್‌ನಿಂದ ಮಾಲ್ಟಾವರೆಗೆ 20 ಮನೆ ಗೀಚಿ. ಹಡಗಿಗೆ ನಾನು ಕಿನ್ನಾಳದಿಂದ ಗೊಂಬೆ ಮರದ ಚೂರು ತಂದೆ. ಹುಣಸೆಬೀಜವೂ ನಡೆಯುತ್ತದೆ. ಶತ್ರುವಿನ ಕಡೆ ಯಾರೂ ಕೂರುವುದಿಲ್ಲ, ಕಾರ್ಡುಗಳೇ ಶತ್ರು: ಮೊದಲು ಜಲಾಂತರ್ಗಾಮಿ, ಆಮೇಲೆ ವಿಮಾನ, ರಾತ್ರಿ ಟಾರ್ಪೆಡೊ ದೋಣಿ.

ದಾಳಕ್ಕಿಂತ ಚೌಕಾಬಾರದ ನಾಲ್ಕು ಕವಡೆ ವಾಸಿ. ದಾಳದಲ್ಲಿ 1 ಬೀಳೋದೂ 6 ಬೀಳೋದೂ ಒಂದೇ. ಕವಡೆಯಲ್ಲಿ ಎರಡು ಅಂಗಾತ ಬೀಳೋದು ಜಾಸ್ತಿ, ನಾಲ್ಕೂ ಬೋರಲಾಗೋದು ಅಪರೂಪ. ಎರಡು ಅಂಗಾತವಾದರೆ ಶತ್ರುವಿನ ಗುರಿ ತಪ್ಪಿತು. ಒಂದೋ ಮೂರೋ ಆದರೆ ಹಡಗಿಗೆ ಪೆಟ್ಟು. ನಾಲ್ಕೂ ಒಂದೇ ಥರ ಬಿದ್ದರೆ ಮುಳುಗಿತು.

12ನೇ ಮನೆ ದಾಟಿದ ಕೂಡಲೇ ನೆಲ್ಸನ್, ರಾಡ್ನಿ ಎಂಬ ಎರಡು ದೊಡ್ಡ ಯುದ್ಧನೌಕೆಗಳನ್ನು ಎತ್ತಿ ಪಕ್ಕಕ್ಕಿಡಿ. ಸಿಸಿಲಿ ಹತ್ತಿರದ ಇಕ್ಕಟ್ಟು ನೀರಿಗೆ ಹೋಗದೆ ಅವು ವಾಪಸಾಗುವುದು ಮೊದಲೇ ಗೊತ್ತುಮಾಡಿದ್ದ ಯೋಜನೆ. ಮಕ್ಕಳ ಮುಖ ಬದಲಾಗುವುದು ಇಲ್ಲೇ.

ಇಂಥ ಆಟದ ದೊಡ್ಡ ರೋಗ ಅಂದರೆ ಒಬ್ಬರೇ ಎಲ್ಲರ ಹಡಗನ್ನೂ ನಡೆಸೋದು. ಅದಕ್ಕೆ ಮದ್ದು ರೇಡಿಯೊ ಮೌನ. ಶತ್ರುವಿಗೆ ಸುಳಿವು ಸಿಗದಿರಲೆಂದು ಹಡಗುಗಳು ಬಾವುಟ, ದೀಪದಲ್ಲೇ ಮಾತಾಡಿಕೊಳ್ಳುತ್ತಿದ್ದವು. ಹಾಗೇ ಟಾರ್ಪೆಡೊ ದೋಣಿ ಬರುವ ರಾತ್ರಿ ಮನೆಗಳಲ್ಲಿ ಮಾತು ಬಂದ್. ತಲಾ ಒಂದು ಸನ್ನೆ ಕಾರ್ಡ್ ಮಾತ್ರ ತೋರಿಸಬಹುದು. ಆಗ ಚಿಕ್ಕವರೂ ತಾವೇ ನಿರ್ಧರಿಸುತ್ತಾರೆ.

ಮುಳುಗಿದ ಹಡಗಿನ ನಾವಿಕರನ್ನು ಎತ್ತಿಕೊಳ್ಳೋಕೆ ಒಂದು ಸರದಿ ಖರ್ಚು. ಈ ನಿಯಮ ಮಾತ್ರ ಬಿಡಬೇಡಿ. ವೈಮರಾಮಾ ಎಂಬ ಸರಕು ಹಡಗು ಸಿಡಿದು ಸಮುದ್ರವೇ ಉರಿಯುತ್ತಿದ್ದಾಗ ಲೆಡ್‌ಬರಿ ಎಂಬ ಡಿಸ್ಟ್ರಾಯರ್ (ಬೆಂಗಾವಲಿನ ಚಿಕ್ಕ ಯುದ್ಧನೌಕೆ) ಆ ಬೆಂಕಿಗೇ ನುಗ್ಗಿ ಜನರನ್ನು ಎತ್ತಿಕೊಂಡಿತು.

ಕೊನೆಯಲ್ಲಿ ಒಹಾಯೊ ಎಂಜಿನ್ ಸತ್ತಿತ್ತು. ಪೆನ್, ಬ್ರಾಮ್‌ಹ್ಯಾಮ್ ಎಂಬ ಎರಡು ಡಿಸ್ಟ್ರಾಯರ್‌ಗಳು ಅದರ ಪಕ್ಕೆಗೆ ಕಟ್ಟಿಕೊಂಡು ಆಗಸ್ಟ್ 15ಕ್ಕೆ ಬಂದರು ಸೇರಿಸಿದವು. ಆಟದಲ್ಲೂ ಹಾಗೇ: ಎರಡು ಬದಿಗೂ ಒಂದೊಂದು ಡಿಸ್ಟ್ರಾಯರ್ ನಿಂತರೇ ಒಂದು ಮನೆ ಮುಂದೆ. ಆ ಇಬ್ಬರೂ ಗುಂಡು ಹಾರಿಸುವಂತಿಲ್ಲ, ಉಳಿದವರೇ ಕಾಯಬೇಕು. ಆಡಿ ನೋಡಿ. ಸಲೀಸಾಗಿ ಗೆಲ್ಲುತ್ತಿದ್ದರೆ ಎರಡು ವಿಮಾನ ಕಾರ್ಡ್ ಸೇರಿಸಿ. ಸದಾ ಸೋತರೆ ಎರಡು ತೆಗೆಯಿರಿ, ಆದರೆ ಒಹಾಯೊವನ್ನು ಎಳೆಯುವ ನಿಯಮ ಸಡಿಲ ಮಾಡಬೇಡಿ.